ಅತ್ತೆ ಪೇಟೆಯಲ್ಲಿ ಕೇಳಿದ ಸೊಪ್ಪು

ನಾನು ಬೈಗುಳವೇ ಇಲ್ಲದ ಮನೆಯಲ್ಲಿ ಬೆಳೆದವಳು. ಅಪ್ಪ ಶಾಲಾ ಮಾಸ್ತರರು. ಎಷ್ಟೇ ಸಿಟ್ಟು ಬಂದರೂ ಅವರ ಬಾಯಿಂದ ಹೊರಡುತ್ತಿದ್ದ ಅತಿ ಕಠಿಣ ಮಾತೆಂದರೆ ‘ಕತ್ತೆ’. ಅದನ್ನು ಆಡಿದ ಮೇಲೂ ಸ್ವಲ್ಪ ಹೊತ್ತು ತಾವೇ ಮಂಕಾಗಿ ಕೂರುತ್ತಿದ್ದರು. ಒಮ್ಮೆ ನಾನು ತಂಗಿಗೆ ‘ಶನಿ’ ಅಂದಿದ್ದಕ್ಕೆ ಅವ್ವ ನನ್ನ ನಾಲಿಗೆಯ ಮೇಲೆ ಉಪ್ಪಿನ ಹರಳಿಟ್ಟು ಅದು ಕರಗುವ ತನಕ ಮೂಲೆಯಲ್ಲಿ ನಿಲ್ಲಿಸಿದ್ದಳು. ಹೀಗಾಗಿ, ಮದುವೆಯಾಗಿ ಬಾಗಲಕೋಟೆ ಕಡೆಯ ಗಂಡನ ಮನೆಗೆ ಹೋದ ಮೊದಲ ಬೆಳಿಗ್ಗೆ, ಹಿತ್ತಲಿನಿಂದ ಕೇಳಿದ ಮಾತಿಗೆ ಹಾಸಿಗೆಯಲ್ಲೇ ಎದ್ದು ಕೂತೆ. ಯಾರೋ ಹೆಂಗಸು ಯಾರದೋ ವಂಶದ ಏಳು ತಲೆಮಾರನ್ನು ಒಬ್ಬೊಬ್ಬರಾಗಿ ಕರೆದು ಝಾಡಿಸುತ್ತಿದ್ದಳು. ಜಗಳಕ್ಕೆ ಬಂದಿದ್ದಾರೆಂದು ಹೆದರಿ ಗಂಡನನ್ನು ಎಬ್ಬಿಸಿದೆ. ಅವರು ಕಣ್ಣು ಬಿಡದೆ, ಅವ್ವ ಕರುವಿಗೆ ಹಾಲು ಕುಡಿಸುತ್ತಿದ್ದಾಳೆ, ಮಲಗು ಎಂದು ಮಗ್ಗುಲಾದರು.

ಅತ್ತೆಯ ಬೈಗುಳ ಹಾಗೆ. ಯಾರ ಮೇಲೆ ಪ್ರೀತಿ ಹೆಚ್ಚೋ ಅವರಿಗೆ ಉದ್ದನೆಯ ಬೈಗುಳ. ನಿಜವಾಗಿ ಸಿಟ್ಟು ಬಂದರೆ ಮಾತ್ರ ‘ನೀವು’, ‘ತಾವು’ ಶುರುವಾಗುತ್ತಿತ್ತು. ಆಗ ಮನೆಯವರೆಲ್ಲ ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದರು. ಮಗ ‘ಭಾಡ್ಯಾ’. ಕದ್ದು ಹಾಲು ಕುಡಿಯುವ ಬೆಕ್ಕು, ಸೀಟಿ ಹೊಡೆಯದ ಕುಕ್ಕರು, ಹೇಳದೆ ಕೇಳದೆ ಹೋಗುವ ಕರೆಂಟು, ಇವೆಲ್ಲ ‘ಮುಂಡೆ’. ನನ್ನನ್ನು ಎರಡು ವರ್ಷ ‘ನೀವು’ ಅಂದೇ ಮಾತಾಡಿಸಿದರು. ಮೂರನೆಯ ವರ್ಷ ನಾನು ರೊಟ್ಟಿ ಹರಿಯದಂತೆ ಬಡಿದ ದಿನ, “ಅಗದೀ ಜಾಣ ಇದ್ದೀ ಬಿಡು, ಮುಂಡೆ” ಅಂದರು. ನನಗೆ ಪದಕ ಸಿಕ್ಕಷ್ಟು ಸಂತೋಷವಾಯಿತು. ನಾನು ಮಾತ್ರ ತಿರುಗಿ ಒಂದು ಬೈಗುಳವನ್ನೂ ಕಲಿಯಲಿಲ್ಲ. ಬಾಯಿಗೆ ಬಂದರೂ ನಾಲಿಗೆ ಮೇಲೆ ಉಪ್ಪು ಸಿಗುತ್ತಿತ್ತು.

ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಆಂಡರ್ಸನ್‌ಪೇಟೆಯಲ್ಲಿ ಮನೆ ಹಿಡಿದೆವು. ಕೆಳಗೆ ಓನರಮ್ಮ, ಮೇಲೆ ನಾವು. ಓನರಮ್ಮನದು ತಮಿಳು ಮನೆಮಾತು, ನನ್ನ ಜೊತೆ ಕನ್ನಡವನ್ನೂ ಕೂಡಿಸಿ ಮಾತಾಡುತ್ತಿದ್ದರು. ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಕೋಲಂ ರಂಗೋಲಿ ಹಾಕಿ, ದೇವರಿಗೆ ಹೂವಿಟ್ಟು, ಉಳಿದ ಮೊಳ ಹೂವನ್ನು ನನ್ನ ಬಾಗಿಲಿಗೆ ಸಿಕ್ಕಿಸಿ ಹೋಗುವ ಮೃದು ಹೆಂಗಸು. ನಾವು ಬಂದ ಎರಡನೆಯ ವರ್ಷ, ಊರಲ್ಲಿ ಜೋಳದ ರಾಶಿ ಮುಗಿಸಿ, ಅತ್ತೆ ಎರಡು ತಿಂಗಳು ಇರಲು ಬಂದರು. ಜೊತೆಗೆ ಒಂದು ಚೀಲ ಜೋಳದ ಹಿಟ್ಟು, ಒಂದು ಗಂಟು ನುಚ್ಚು, ಬೆಳ್ಳುಳ್ಳಿಯ ಜಡೆ ತಂದಿದ್ದರು. ತರಲಾಗದ್ದು ಒಂದೇ: ಪುಂಡಿ ಸೊಪ್ಪು. ದಾರಿಯಲ್ಲಿ ಬಾಡಿ ಹೋಗುತ್ತದೆಂದು ಬಿಟ್ಟು ಬಂದಿದ್ದರು.

ನಮ್ಮ ಕಡೆ ಪುಂಡಿ ಪಲ್ಯವಿಲ್ಲದೆ ವಾರ ಕಳೆಯುವುದಿಲ್ಲ. ಹುಳಿಹುಳಿ ಎಲೆ. ಬೇಳೆ, ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಕಡಗೋಲಿನಲ್ಲಿ ಕಡೆದು, ಮೇಲೆ ಎಣ್ಣೆ ಬೆಳ್ಳುಳ್ಳಿಯ ಒಗ್ಗರಣೆ ಸುರಿದರೆ ರೊಟ್ಟಿ ಎಷ್ಟು ತಿಂದೆವೆಂಬ ಲೆಕ್ಕ ಹತ್ತುವುದಿಲ್ಲ. ನಾಲ್ಕನೆಯ ದಿನ ಅತ್ತೆ, ಈ ಊರಿನ ಬೇಳೆ ಸಾರು ಸಾಕು, ಪೇಟೆ ತೋರಿಸು ಅಂದರು.

ಇಬ್ಬರೂ ಹೋದೆವು. ನಾನು ಈರುಳ್ಳಿ ಆರಿಸುತ್ತ ಕೂತೆ. ಅತ್ತೆ ಸೊಪ್ಪಿನ ಸಾಲಿನತ್ತ ನಡೆದರು. ಅವರದು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದ ಗಂಟಲು.

“ಪುಂಡಿ ಐತೇನ್ರಿ, ಪುಂಡಿ?”

ಸಾಲಿನಲ್ಲಿ ಮಾತು ನಿಂತಿದ್ದು ನನಗೆ ಈರುಳ್ಳಿ ಅಂಗಡಿಯ ತನಕ ಗೊತ್ತಾಯಿತು. ತಲೆ ಎತ್ತಿ ನೋಡಿದೆ. ನಿಂಬೆಹಣ್ಣಿನವನೊಬ್ಬ ತಕ್ಕಡಿಯನ್ನು ಗಾಳಿಯಲ್ಲೇ ಹಿಡಿದಿದ್ದ. ಟೊಮ್ಯಾಟೊ ಕೊಳ್ಳುತ್ತಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ರಸ್ತೆ ಬದಿಯ ಆಟೋದವನು ಇಂಜಿನ್ ಆರಿಸಿ ಕಿವಿ ಕೊಟ್ಟಿದ್ದ. ಇವರಿಗೆ ಕನ್ನಡ ಬರುವುದಿಲ್ಲವೆಂದು ಅತ್ತೆ ತಿಳಿದರು. ಕೈಸನ್ನೆ ಸೇರಿಸಿ, ಇನ್ನೂ ಗಟ್ಟಿಯಾಗಿ ಬಿಡಿಸಿ ಹೇಳತೊಡಗಿದರು: ಸಣ್ಣದಿದ್ದಾಗ ಬಲು ರುಚಿ, ಬಲಿತರೆ ನಾರು, ಚೆಂದಾಗಿ ತೊಳೆಯಬೇಕು, ಆಮೇಲೆ ಕಡಗೋಲು ಹಾಕಿ ಕಡೆಯಬೇಕು. ಒಂದೊಂದು ವಾಕ್ಯಕ್ಕೂ ಒಬ್ಬೊಬ್ಬರು ತಲೆ ಬಗ್ಗಿಸುತ್ತ ಹೋದರು. ಆಟೋದವನು ಹ್ಯಾಂಡಲ್ ಮೇಲೆ ಹಣೆಯಿಟ್ಟು ಅಲುಗಾಡುತ್ತಿದ್ದ.

ಸಾಲಿನ ಕೊನೆಯಲ್ಲಿ ಗೋಣಿ ಹಾಸಿಕೊಂಡು ಕೂರುತ್ತಿದ್ದ ಸೊಪ್ಪಿನಕ್ಕ ಎದ್ದು ಬಂದರು. ಬೂದಿಕೋಟೆ ಕಡೆಯ ಹಳ್ಳಿಯವರು. ತೋಟಗಳಲ್ಲಿ ಕೂಲಿ ಮಾಡಿ, ವಾರಕ್ಕೆ ಮೂರು ದಿನ ಸೊಪ್ಪು ಹೊತ್ತು ಬಸ್ಸಿನಲ್ಲಿ ಬರುತ್ತಿದ್ದರು. ನಾನು ಅವರ ಖಾಯಂ ಗಿರಾಕಿ, ಆದರೆ ಈ ಊರಲ್ಲಿ ಪುಂಡಿ ಸಿಗಲಾರದೆಂದು ಒಮ್ಮೆಯೂ ಕೇಳಿರಲಿಲ್ಲ. ಅತ್ತೆಯ ಮುಂಗೈ ಹಿಡಿದು ತಮ್ಮ ಗೋಣಿಯ ಹತ್ತಿರ ಕೂರಿಸಿ, ಕೆಂಪು ದಂಟಿನ ಒಂದು ಕಟ್ಟು ಕೈಗಿಟ್ಟರು.

“ಇದೇನಾ ದೊಡ್ಡಮ್ಮ ನೀವ್ ಕೇಳ್ತಿರೋದು? ನಮ್ ಕಡೆ ಇದ್ನ ಗೋಂಗೂರ ಅಂತೀವಿ. ನೀವೂ ಅಂಗೇ ಅನ್ನಿ.”

ಅತ್ತೆ ಎಲೆ ಮುರಿದು ಬಾಯಿಗೆ ಹಾಕಿಕೊಂಡು, ಇದೇ ಇದೇ ಪುಂಡಿ ಎಂದು ಇಡೀ ಪೇಟೆಗೆ ಸಾರಿದರು. ಸೊಪ್ಪಿನಕ್ಕ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ವಿಷಯ ಹೇಳಿದರು. ನಮ್ಮ ಸೊಪ್ಪಿನ ಹೆಸರಿಗೆ ಅರ್ಧ ಅಕ್ಷರದಷ್ಟು ಹತ್ತಿರದ ಶಬ್ದವೊಂದು ತಮಿಳಿನಲ್ಲಿದೆ. ಹೆಣ್ಣಿನ ಮೈಯ ಒಂದು ಭಾಗದ ಹೆಸರು. ಅದನ್ನು ಹೆಸರಾಗಿ ಯಾರೂ ಬಳಸುವುದಿಲ್ಲ, ಬೈಗುಳವಾಗಿ ಮಾತ್ರ. ಬೈಗುಳದಲ್ಲೂ ಅದೇ ಕೊನೆಯ ಮೆಟ್ಟಿಲು. ಅದಾದ ಮೇಲೆ ಕೈಕೈ ಮಿಲಾಯಿಸುವುದೊಂದೇ ಬಾಕಿ. ನನ್ನ ಕಿವಿ ಬಿಸಿಯಾಯಿತು. ಅತ್ತೆಯನ್ನು ಅವಸರವಾಗಿ ಎಬ್ಬಿಸಿಕೊಂಡು ಹೊರಟೆ. ಈರುಳ್ಳಿ ಅಲ್ಲೇ ಉಳಿಯಿತು.

ಗಂಡನಿಗೆ ಹೇಳಿದರೆ ಅವರು ನಗುತ್ತ ನೆಲದ ಮೇಲೆ ಕೂತುಬಿಟ್ಟರು. ಕಾರ್ಖಾನೆಗೆ ಸೇರಿದ ಮೊದಲ ವಾರವೇ, ಊಟದ ಹೊತ್ತಿನಲ್ಲಿ ನಮ್ಮ ಕಡೆಯ ಪಲ್ಯದ ಹೆಸರು ಹೇಳಿ ಅವರೂ ಇದೇ ಪಾಠ ಕಲಿತಿದ್ದರಂತೆ. ನಾಚಿಕೆಗೆ ನನಗೆ ಹೇಳಿರಲಿಲ್ಲ. ನಿಮ್ಮ ಅವ್ವನಿಗೆ ನೀವೇ ತಿಳಿಸಿ ಅಂದೆ. ಅಂಥ ಮಾತನ್ನು ತಾಯಿಗೆ ಮಗ ಹೇಳುವುದಾ, ಹೆಂಗಸರು ಹೆಂಗಸರು ನೋಡಿಕೊಳ್ಳಿ ಅಂದರು. ಸೊಸೆ ಅತ್ತೆಗೆ ಹೇಳಬಹುದಾ ಎಂದು ನಾನು ಕೇಳಿದೆ. ಕೊನೆಗೆ ಊಟಕ್ಕೆ ಕೂತಾಗ ಅವರು ತಟ್ಟೆ ನೋಡುತ್ತ, ಯವ್ವಾ, ಈ ಊರಾಗ ಇದಕ್ಕ ಗೋಂಗೂರ ಅಂತಾರ, ನೀನೂ ಹಂಗಽ ಅನ್ನು ಅಂದರು.

“ಯಾಕ? ಹೆಸರ ಬದಲಿ ಮಾಡಾಕ ಅದೇನು ಮದಿವ್ಯಾಗಿ ಈ ಊರಿಗೆ ಬಂದೈತೇನಲೇ?” ಅಂದರು ಅತ್ತೆ.

ಗಂಡ ಅರ್ಧ ರೊಟ್ಟಿ ಬಿಟ್ಟು ಎರಡನೆಯ ಪಾಳಿಗೆ ಒಂದು ಗಂಟೆ ಮೊದಲೇ ಹೊರಟುಹೋದರು.

ಮರುದಿನ ನಾನು ಬಟ್ಟೆ ಒಣಗಿಸಲು ತಾರಸಿಗೆ ಹೋಗಿದ್ದಾಗ, ಅತ್ತೆ ಬಿಸಿ ಪಲ್ಯವನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಕೆಳಗಿಳಿದರು. ದಿನಾ ಹೂ ಕೊಡುವವರಿಗೆ ಏನಾದರೂ ಕೊಡಬೇಕಲ್ಲ. ನನಗೆ ಗೊತ್ತಾಗಿ ಮೆಟ್ಟಿಲು ಹಾರಿಕೊಂಡು ಬರುವಷ್ಟರಲ್ಲಿ ಓನರಮ್ಮ ಬಾಗಿಲು ತೆಗೆದಾಗಿತ್ತು. ಅತ್ತೆ ಎರಡೂ ಕೈಯಲ್ಲಿ ಡಬ್ಬಿ ಚಾಚಿ, ಮುಖದ ತುಂಬ ನಕ್ಕು, ಆ ಶಬ್ದ ಹೇಳಿದರು. ತಿನ್ನಿರಿ ಎಂದೂ ಸೇರಿಸಿದರು. ಓನರಮ್ಮನ ಹಣೆಯ ವಿಭೂತಿ ಕಣ್ಣಿನ ತನಕ ಜಾರಿದಂತೆ ಕಂಡಿತು. ಅಭ್ಯಾಸಬಲದಿಂದ ಕೈ ಡಬ್ಬಿ ತೆಗೆದುಕೊಂಡಿತು. ಬಾಗಿಲು ಮಾತ್ರ ನಿಧಾನವಾಗಿ, ಪೂರ್ತಿ ಮುಚ್ಚಿತು.

ಅಂದಿನಿಂದ ಹೂವು ಬರಲಿಲ್ಲ. ಮೂರು ದಿನ ನೋಡಿದ ಅತ್ತೆ, ನಾಲ್ಕನೆಯ ದಿನ ಕಟ್ಟೆಯ ಮೇಲೆ ಸುಮ್ಮನೆ ಕೂತರು. ಬೆಕ್ಕು ಬಂದು ಹಾಲಿಗೆ ಬಾಯಿ ಹಾಕಿದರೂ ಬೈಯಲಿಲ್ಲ. ನಾನು ಹತ್ತಿರ ಹೋದೆ.

“ನಮ್ಮ ಕೈಯಾಗಿಂದು ಅವರು ತಿನ್ನಾಂಗಿಲ್ಲೇನವಾ? ಹಂಗಿದ್ರ ಮೊದಲಽ ಹೇಳ್ಬೇಕಿತ್ತು” ಅಂದರು.

ನಗೆಯ ವಿಷಯ ಅಲ್ಲಿಗೆ ನಗೆಯಾಗಿ ಉಳಿಯಲಿಲ್ಲ. ಒಂದು ಸೊಪ್ಪಿನ ಹೆಸರು ಹೋಗಿ ಹೋಗಿ ಜಾತಿಯ ಸಂಶಯದ ತನಕ ಮುಟ್ಟಿತ್ತು. ಹೇಳಲೇಬೇಕಿತ್ತು. ಬಾಯಿ ತೆರೆದೆ, ಎರಡು ಸಲ ಕೆಮ್ಮಿ ಮುಚ್ಚಿದೆ. ಮಧ್ಯಾಹ್ನ ಪೇಟೆಗೆ ಓಡಿ ಸೊಪ್ಪಿನಕ್ಕನ ಕೈಕಾಲು ಹಿಡಿದು ಮನೆಗೆ ಕರೆತಂದೆ.

ಸೊಪ್ಪಿನಕ್ಕ ಬುಟ್ಟಿ ಇಳಿಸಿ, ಒಂದು ಚೊಂಬು ನೀರು ಕುಡಿದು, ನಾನು ಐದು ದಿನದಿಂದ ಹೇಳಲಾರದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಅತ್ತೆ ತಲೆ ಬಗ್ಗಿಸಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ಅಲ್ಲ, ನಗುತ್ತಿದ್ದರು. ಎಲ್ಲೆಲ್ಲಿ ಆ ಶಬ್ದ ಆಡಿದ್ದೆನೆಂದು ಬೆರಳು ಮಡಚಿ ಎಣಿಸಿದರು: ಪೇಟೆಯಲ್ಲಿ ಆರು ಸಲ, ಓನರಮ್ಮನ ಬಾಗಿಲಲ್ಲಿ ಒಮ್ಮೆ, ಹಾಲಿನವನಿಗೆ ಒಮ್ಮೆ, ಔಷಧಿ ಅಂಗಡಿಯಲ್ಲಿ ಹೊಟ್ಟೆಗೆ ಏನು ತಿಂದಿರಿ ಎಂದು ಕೇಳಿದ್ದಕ್ಕೆ ಒಮ್ಮೆ. ಒಂದೊಂದನ್ನು ನೆನೆದಾಗಲೂ ಹೊಸದಾಗಿ ನಕ್ಕು ಕಣ್ಣೊರೆಸಿಕೊಂಡರು.

ನಗು ನಿಂತ ಮೇಲೆ ಅವರ ಮುಖ ಬೇರೆಯಾಯಿತು. ಅತ್ತೆ ಊರಿನಲ್ಲಿ ಸೂಲಗಿತ್ತಿ. ಆಸ್ಪತ್ರೆ, ಆಂಬುಲೆನ್ಸು ಬರುವ ಮೊದಲು ಸುತ್ತಲಿನ ಹಳ್ಳಿಗಳಲ್ಲಿ ಅವರೇ ಹೆರಿಗೆ ಮಾಡಿಸುತ್ತಿದ್ದರು.

“ಎಷ್ಟ ಮಂದೀನ ಈ ಕೈಲೇ ಹೊರಗ ತಗದೀನಿ. ಮುಂದ ಮಾಸ್ತರ ಆದಾವ್ರು, ಫೌಜುದಾರ ಆದಾವ್ರು, ಸ್ವಾಮಿ ಆದಾವ್ರೂ ಅದಾರ. ಎಲ್ಲಾರೂ ಬಂದಿದ್ದು ಅದಽ ಬಾಗಲದಿಂದ. ತಾವು ಬಂದ ಬಾಗಲದ ಹೆಸರಿಲೇ ಬೈತಾರಂದ್ರ, ಅವಕ್ಕ ಬೈಯಾಕ ಬ್ಯಾರೆ ಏನೂ ಸಿಗಲಿಲ್ಲೇನು?”

ಸೊಪ್ಪಿನಕ್ಕ ಅದಕ್ಕೆ ತಲೆದೂಗಿ, ಈ ಊರಿನಲ್ಲಿ ಕೂದಲೂ ಬೈಗುಳ ಎಂದು ತಿಳಿಸಿದರು. ತಮಿಳಿನಲ್ಲೂ ಹಾಗೇ, ತೆಲುಗಿನಲ್ಲೂ ಹಾಗೇ. ತಲೆಯ ಮೇಲಿನದಾ ಎಂದು ಅತ್ತೆ ಕೇಳಿದರು. ತಲೆಯದೇ ಅಂದುಕೊಳ್ಳಿ ದೊಡ್ಡಮ್ಮ ಎಂದು ಸೊಪ್ಪಿನಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ತಲೆಯಲ್ಲಿ ಇದ್ದಾಗ ಎಣ್ಣೆ ಹಚ್ಚಿ ಹೂವು ಮುಡಿಸುತ್ತಾರೆ, ಬಾಯಿಗೆ ಬಂದರೆ ಬೈಗುಳವಾಗುತ್ತದೆ, ಇದ್ಯಾವ ನ್ಯಾಯ ಎಂದು ಇಬ್ಬರೂ ಬಹಳ ಹೊತ್ತು ಚರ್ಚಿಸಿದರು. ಒಬ್ಬರದು ಬಾಗಲಕೋಟೆ ಕನ್ನಡ, ಇನ್ನೊಬ್ಬರದು ತೆಲುಗು ಬೆರೆತ ಕೋಲಾರದ ಕನ್ನಡ. ಅರ್ಧ ಮಾತು ಪರಸ್ಪರ ಅರ್ಥವಾಗುತ್ತಿರಲಿಲ್ಲ, ಬೈಗುಳಗಳು ಮಾತ್ರ ತಟ್ಟನೆ ಅರ್ಥವಾಗುತ್ತಿದ್ದವು. ನಾನು ಚಹಾ ಕಾಸಲು ಒಳಗೆ ಹೋದೆ. ನನ್ನ ಮುಂದೆ ಆಡಲಾರದ್ದೂ ಕೆಲವು ಇದ್ದವೆಂದು ಕಾಣುತ್ತದೆ, ನಾನು ಎದ್ದ ಮೇಲೆ ನಗು ಜೋರಾಯಿತು.

ಚಹಾ ತರುವ ಹೊತ್ತಿಗೆ ಅತ್ತೆ ಪ್ರೀತಿ ಉಕ್ಕಿ ಸೊಪ್ಪಿನಕ್ಕನ ತೊಡೆಗೆ ಹೊಡೆದು, “ಭಾರಿ ಶಾಣ್ಯಾಕಿ ಇದ್ದೀ ಮುಂಡೆ!” ಅಂದರು.

ಸೊಪ್ಪಿನಕ್ಕನ ನಗು ಅಲ್ಲೇ ನಿಂತಿತು. ಚಹಾದ ಲೋಟ ಮುಟ್ಟದೆ, ಬುಟ್ಟಿ ಹೊರುವ ಬಟ್ಟೆಯ ಸಿಂಬಿ ತೆಗೆದು ತಲೆಯ ಮೇಲಿಟ್ಟುಕೊಂಡರು. ಏನಾಯಿತೆಂದು ಅತ್ತೆಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಸೊಪ್ಪಿನಕ್ಕನ ಗಂಡ ತೀರಿಕೊಂಡು ಆರೇಳು ವರ್ಷವಾಗಿತ್ತು. ಮುಂಡೆ ಎಂದರೆ ವಿಧವೆ. ಬೆಕ್ಕಿಗೂ ಕುಕ್ಕರಿಗೂ ಅನ್ನುತ್ತ ಅನ್ನುತ್ತ ಅದರ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಮರೆತೇ ಹೋಗಿತ್ತು.

“ನಾನೂ ಅದಽ ಅದೀನಲ್ಲವಾ” ಎಂದು ಅತ್ತೆ ತಮ್ಮ ಬರಿ ಕೊರಳು ಮುಟ್ಟಿ ತೋರಿಸಿದರು. “ನನಗ ನಾನಽ ಎಷ್ಟ ಸಲ ಅಂದ್ಕೊಂಡೀನಿ.”

ಸೊಪ್ಪಿನಕ್ಕ ಬುಟ್ಟಿಯ ಅಂಚು ಹಿಡಿದು ನಿಂತೇ ಹೇಳಿದರು.

“ನಾನೂ ಅಂತಿದ್ದೆ ದೊಡ್ಡಮ್ಮ. ಎಮ್ಮೇಗೂ ಅಂತಿದ್ದೆ, ಮಗೀಗೂ ಅಂತಿದ್ದೆ. ನಮ್ಮೆಜಮಾನ್ರು ತೀರ್ಕಂಡ ಅನ್ನೊಂದನೇ ದಿನ ನಮ್ ಮೈದ್ನ ಬಾಗ್ಲಲ್ಲಿ ನಿಂತ್ಕಂಡು ಅಂದ. ಜನ ಎಲ್ಲಾ ಕೂತಿದ್ರು. ಅವತ್ತಿಂದ ಅದ್ನ ಯಾರು ಅಂದ್ರೂ ನಂಗೆ ಅವನ ಗಂಟ್ಲೇ ಕೇಳ್ತದೆ.”

ಅತ್ತೆ ಎದ್ದರು. ಸೊಪ್ಪಿನಕ್ಕನ ತಲೆಯಿಂದ ಸಿಂಬಿ ತೆಗೆದು ಕೆಳಗಿಟ್ಟು, ಆಕೆಯ ಎರಡೂ ಕೈ ಹಿಡಿದುಕೊಂಡರು.

“ತಪ್ಪಾತವಾ. ಇನ್ನ ಅನ್ನಾಂಗಿಲ್ಲ” ಅಂದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಐವತ್ತು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಶಬ್ದ. ಬೆಕ್ಕು ಕಂಡರೆ ‘ಮುಂ’ ತನಕ ಬಂದು ತಡೆಯುತ್ತಿತ್ತು. ಅಷ್ಟರಲ್ಲಿ ದಾರಿ ಹುಡುಕಬೇಕು. “ಈ ಮುಂ… ಮುಂಜಾನಿಯಿಂದ ಕಾಡಾಕ ಹತ್ತೈತಿ ನೋಡು” ಎನ್ನುತ್ತಿದ್ದರು. ಕುಕ್ಕರು ‘ಮುಂಗುಸಿ’ ಆಯಿತು. ಕರೆಂಟು ಹೋದಾಗ ಒಮ್ಮೆ ‘ಮುಂದಿನ ವಾರ’ ಎಂದು ಕೂಗಿ, ಅದೇನು ಮುಂದಿನ ವಾರ ಎಂದು ಮಗ ಕೇಳಿದ್ದಕ್ಕೆ, ನಿನ್ನ ತಲಿ ಅಂದರು.

ಆ ದಿನವೇ ಸೊಪ್ಪಿನಕ್ಕ ಹೋಗುವಾಗ ಕೆಳಗಿನ ಬಾಗಿಲು ಬಡಿದರು. ತಮಿಳಿನಲ್ಲಿ ಏನೇನೋ ಹೇಳುವುದು, ನಡುವೆ ಗೋಂಗೂರ ಎಂಬ ಮಾತು, ಆಮೇಲೆ ಓನರಮ್ಮನ ನಗು, ಎಲ್ಲ ಮೇಲಕ್ಕೆ ಕೇಳಿಸಿತು. ಅಷ್ಟು ಮೆತ್ತಗಿನ ಹೆಂಗಸು ಅಷ್ಟು ಗಟ್ಟಿಯಾಗಿ ನಗಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಅವರೇ ಮೆಟ್ಟಿಲು ಹತ್ತಿ ಬಂದರು. ನಮ್ಮ ಡಬ್ಬಿಯಲ್ಲಿ ಕಡಲೆಕಾಳಿನ ಸುಂಡಲ್ ಇತ್ತು. ಬಾಗಿಲು ಹಾಕಿಕೊಂಡಿದ್ದು ನಿಜ, ಆದರೆ ಬೆಳ್ಳುಳ್ಳಿ ವಾಸನೆ ತಡೆಯಲಾರದೆ ಅದೇ ಮಧ್ಯಾಹ್ನ ಅನ್ನಕ್ಕೆ ಕಲಸಿ ಪೂರ್ತಿ ತಿಂದೆ ಎಂದು ತಲೆ ತಗ್ಗಿಸಿ ಒಪ್ಪಿಕೊಂಡರು.

“ರುಸಿ ನಲ್ಲಾ ಇರುಂದುದು. ಪೇರು ದಾನ್ ಸರಿಯಿಲ್ಲೆ” ಅಂದರು. ರುಚಿ ಚೆನ್ನಾಗಿತ್ತು, ಹೆಸರೇ ಸರಿಯಿಲ್ಲ.

ಅತ್ತೆಗೆ ತಮಿಳು ಬಾರದಿದ್ದರೂ ಇದು ಅರ್ಥವಾಯಿತು. ಬಲವಂತ ಮಾಡಿ ಕೂರಿಸಿ, ಕಡಗೋಲು ಹಿಡಿಯುವುದು ಹೇಗೆಂದು ತೋರಿಸಿಕೊಟ್ಟರು. ಹೆಸರು ಹೇಳದೆ ಪಲ್ಯ ಕಲಿಸುವುದು ಕಷ್ಟ. ಇಬ್ಬರೂ ಅದನ್ನು ‘ಅದು’ ಎಂದೇ ಕರೆದು ಮುಗಿಸಿದರು.

ಎರಡು ತಿಂಗಳು ಕಳೆಯಿತು. ಅತ್ತೆ ಊರಿಗೆ ಹೊರಟರು. ಗಂಡನಿಗೆ ಬೆಳಗಿನ ಪಾಳಿ ಇದ್ದುದರಿಂದ, ಅವರನ್ನು ಬಂಗಾರಪೇಟೆ ತನಕ ಕರೆದುಕೊಂಡು ಹೋಗಿ ಮುಂದಿನ ರೈಲಿಗೆ ಹತ್ತಿಸುವ ಕೆಲಸ ನನ್ನದಾಯಿತು. ನಮ್ಮ ಮನೆ ಹತ್ತಿರದ ಮಾರಿಕುಪ್ಪಂ ನಿಲ್ದಾಣದಿಂದಲೇ ರೈಲು ಹೊರಡುವುದು, ಹಾಗಾಗಿ ಕೂರಲು ಜಾಗಕ್ಕೆ ಚಿಂತೆಯಿಲ್ಲ ಎಂದುಕೊಂಡು ಹತ್ತಿದೆವು. ಒಳಗೆ ನೋಡಿದರೆ, ಒಬ್ಬ ಮನುಷ್ಯ ಇಡೀ ಬೆಂಚಿನ ಮೇಲೆ ಟವೆಲು, ಪೇಪರು, ಊಟದ ಬ್ಯಾಗು ಸಾಲಾಗಿ ಇಟ್ಟು ಮುಂದಿನ ನಿಲ್ದಾಣಗಳ ಗೆಳೆಯರಿಗೆ ಕಾದಿರಿಸಿ, ಕಿಟಕಿಯ ಪಕ್ಕ ಮೊಬೈಲು ನೋಡುತ್ತ ಕೂತಿದ್ದ. ವಯಸ್ಸಾದವರಿದ್ದಾರೆ, ಸ್ವಲ್ಪ ಸರಿಯಿರಿ ಎಂದು ಕೇಳಿದೆ. ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೇಳಿದೆ. ಜನ ಬರುತ್ತಾರೆ ಎಂದು ಟವೆಲನ್ನು ಇನ್ನಷ್ಟು ಅಗಲ ಮಾಡಿದ. ಅತ್ತೆ ಮಂಡಿ ಹಿಡಿದುಕೊಂಡು ನಿಂತಿದ್ದರು.

ಆಗ ನನ್ನ ಬಾಯಿಂದ ಒಂದು ಮಾತು ಹೊರಬಿತ್ತು. ಅಪ್ಪಟ ತಮಿಳಿನದು. ನೀರಿನ ಟ್ಯಾಂಕರ್ ಬಂದಾಗ ನಮ್ಮ ಬೀದಿಯಲ್ಲಿ ಕೇಳಿದ್ದು, ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ವಿಚಿತ್ರವೆಂದರೆ ನಾಲಿಗೆ ಸುಡಲಿಲ್ಲ. ಕನ್ನಡದಲ್ಲಿ ಅದರ ಅರ್ಧದಷ್ಟು ಆಡಿದ್ದರೂ ನಾನು ರೈಲಿನಿಂದ ಹಾರುತ್ತಿದ್ದೆ. ತಮಿಳಿನಲ್ಲಿ ಅದು ನನಗೆ ಬರೀ ಸದ್ದು. ಅದನ್ನು ಆಡಬಾರದೆಂದು ನನಗೆ ಬಾಲ್ಯದಲ್ಲಿ ಯಾರೂ ಕಲಿಸಿರಲಿಲ್ಲ. ಹಾಗೆಂದು ಕಲಿತೇ ಬೆಳೆದವನು ಎದುರಿಗಿದ್ದ. ಅವನ ಮೊಬೈಲು ತೊಡೆಯ ಮೇಲೆ ಬಿತ್ತು. ಟವೆಲು, ಪೇಪರು, ಬ್ಯಾಗು ಮೂರನ್ನೂ ಒಟ್ಟಿಗೆ ಬಾಚಿಕೊಂಡು, ಕೂತುಕೊಳ್ಳಿ ಅಕ್ಕಾ ಎಂದು ತಮಿಳಿನಲ್ಲೇ ಹೇಳಿ, ಎದ್ದು ಬಾಗಿಲ ಹತ್ತಿರ ಹೋಗಿ ನಿಂತ.

ನಾವು ಕೂತೆವು. ರೈಲು ಹೊರಟಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು.

“ಏನಂದಿ ಅವಗ?”

ಸರಿರಿ ಅಂತ ಕೇಳಿದೆ ಅತ್ತಿ ಎಂದೆ.

ಅವರು ಬಾಗಿಲ ಹತ್ತಿರ ನಿಂತವನನ್ನು ನೋಡಿದರು. ಖಾಲಿಯಾಗಿದ್ದ ಇಡೀ ಬೆಂಚನ್ನು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಒತ್ತಿ ಕೂತು ದನಿ ತಗ್ಗಿಸಿದರು.

“ನನಗೂ ಅದನ್ನ ಒಂದೀಟು ಕಲಿಸವಾ. ಮುಂದ ಹುಬ್ಬಳ್ಳಿ ಗಾಡ್ಯಾಗ ಭಾಳ ಗದ್ದಲಿರ್ತೈತಿ.”